ಹೆಸರು ಕೇಳಿದರೆ ಉತ್ತರವಿಲ್ಲ: ಮೊದಮೊದಲ ಜೋಂಬಿ ಸಿನಿಮಾಗಳ ಮಾತು ಮತ್ತು ಮೌನ

'ವೈಟ್ ಜೋಂಬಿ' ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ರಾತ್ರಿ ಹನ್ನೊಂದು ಕಳೆದ ಮೇಲೆ, ಫೋನಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ನೋಡುತ್ತಾ ನೋಡುತ್ತಾ ಒಂದು ಹಂತದಲ್ಲಿ ವಯರು ಹಿಡಿದು ಅಲುಗಾಡಿಸಿದೆ. ಇಯರ್‌ಫೋನ್ ಕೆಟ್ಟಿತೆಂದುಕೊಂಡೆ. ತೆರೆಯ ಮೇಲೆ ಜನ ಓಡಾಡುತ್ತಿದ್ದಾರೆ, ಯಾರೂ ತುಟಿ ಬಿಚ್ಚುತ್ತಿಲ್ಲ. ಹಿಂದೆ ಸಂಗೀತವೂ ಇಲ್ಲ. ಮಳೆಗಾಲದ ರೇಡಿಯೊದಂಥ ಒಂದು ಸಣ್ಣ ಸುಯ್ ಮಾತ್ರ. ಇಯರ್‌ಫೋನ್‌ಗೆ ಏನೂ ಆಗಿರಲಿಲ್ಲ. 1932ರ ಆ ಚಿತ್ರ ಇರುವುದೇ ಹಾಗೆ.

ಇವತ್ತು ಜೋಂಬಿ ಎಂದರೆ ಮನೆಯ ಮಕ್ಕಳಿಗೂ ಗೊತ್ತು. ಓಟಿಟಿಯಲ್ಲಿ ಕೊರಿಯಾದ ಜೋಂಬಿಗಳು ರೈಲಿನಲ್ಲಿ ಓಡುತ್ತವೆ, ತೆಲುಗಿನಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಜೋಂಬಿಗಳು ಬಂದು ಹೋಗಿವೆ, ಮೊಬೈಲ್ ಗೇಮಿನಲ್ಲಂತೂ ಲೆಕ್ಕವೇ ಇಲ್ಲ. ಎಲ್ಲವೂ ಗೊರಗುಡುತ್ತವೆ, ಅರಚುತ್ತವೆ, ಹಲ್ಲು ಕಡಿಯುತ್ತವೆ. ಅದನ್ನೇ ನೋಡಿ ಬೆಳೆದವರು ಹಳೆಯ ಚಿತ್ರಗಳನ್ನು ನೋಡಲು ಕೂತರೆ ಮೊದಲು ಕೇಳುವ ಪ್ರಶ್ನೆ, ಇವೇಕೆ ಇಷ್ಟು ಸುಮ್ಮನಿವೆ? ಕಚ್ಚುವುದಿಲ್ಲ, ಕೂಗುವುದಿಲ್ಲ, ಇದರಲ್ಲಿ ಹೆದರಲು ಏನಿದೆ? ಉತ್ತರ ಸಿಗಬೇಕಾದರೆ ಸಿನಿಮಾ ಬಿಟ್ಟು ಸ್ವಲ್ಪ ದೂರ, ಕೆರಿಬಿಯನ್ ಸಮುದ್ರದ ಒಂದು ದ್ವೀಪಕ್ಕೆ ಹೋಗಬೇಕು.

ಜೋಂಬಿ ಮೊದಲು ಯಾರಾಗಿತ್ತು?

ಹೈಟಿ ಒಂದು ಕಾಲಕ್ಕೆ ಫ್ರೆಂಚರ ವಸಾಹತು. ಆಫ್ರಿಕಾದಿಂದ ಹಡಗಿನಲ್ಲಿ ಸಂಕೋಲೆ ಹಾಕಿ ತಂದ ಜನರಿಂದ ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಸಿಕೊಳ್ಳುತ್ತಿದ್ದರು. ಆ ಗುಲಾಮರೇ ಬಂಡೆದ್ದು, ಗೆದ್ದು, 1804ರಲ್ಲಿ ಸ್ವತಂತ್ರ ದೇಶ ಕಟ್ಟಿಕೊಂಡರು. ಅವರು ಆಫ್ರಿಕಾದಿಂದ ಹೊತ್ತು ತಂದ ನಂಬಿಕೆಗಳೂ ಕ್ಯಾಥೊಲಿಕ್ ಆಚರಣೆಗಳೂ ಬೆರೆತು ಬೆಳೆದ ಧರ್ಮವೇ ವೋಡು. ಹಾಡು, ಕುಣಿತ, ನಗಾರಿ, ಹಿರಿಯರ ಪೂಜೆ, ಮೈಮೇಲೆ ಬರುವ ದೇವತೆಗಳು ಎಲ್ಲ ಇರುವ ಧರ್ಮ ಅದು. ಹೈಟಿ ಸರ್ಕಾರ 2003ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಕೊಟ್ಟಿತು. ಜೋಂಬಿ ಎಂಬುದು ಅದರ ಮೂಲೆಯಲ್ಲಿರುವ ಒಂದು ಭಯ, ಅಷ್ಟೇ. ನಮ್ಮಲ್ಲಿ ಮಾಟ ಮಾಡುವವರ ಕಥೆಗಳಿವೆ ಎಂದ ಮಾತ್ರಕ್ಕೆ ನಮ್ಮ ಧರ್ಮವೆಲ್ಲ ಮಾಟವೇ ಎನ್ನಲಾಗುತ್ತದೆಯೇ, ಹಾಗೆ.

ಆ ಭಯ ಹೀಗಿದೆ. ಬೊಕೊರ್ ಎಂಬ ಮಾಟಗಾರ ಸತ್ತವನನ್ನು ಗೋರಿಯಿಂದ ಎಬ್ಬಿಸುತ್ತಾನೆ. ದೇಹ ಏಳುತ್ತದೆ, ಮನಸ್ಸು ಏಳುವುದಿಲ್ಲ. ಅವನು ಹೇಳಿದ ಕೆಲಸ ಮಾಡಿಕೊಂಡು ಬಿದ್ದಿರುತ್ತದೆ. ಜೋಂಬಿ ಯಾರನ್ನೂ ತಿನ್ನುವುದಿಲ್ಲ, ಅದು ದುಡಿಯುತ್ತದೆ. ಹೈಟಿಯ ಹಳ್ಳಿಯವನು ಹೆದರುತ್ತಿದ್ದುದು ಜೋಂಬಿ ಬಂದೀತೆಂದಲ್ಲ, ತಾನೇ ಜೋಂಬಿ ಆಗಿಬಿಟ್ಟೇನೆಂದು. ಬದುಕಿದ್ದಾಗ ಗುಲಾಮ, ಸತ್ತ ಮೇಲಾದರೂ ಬಿಡುಗಡೆ ಎಂದುಕೊಂಡರೆ ಅದೂ ಇಲ್ಲ ಎಂಬ ಭಯ. ನೂರಾರು ವರ್ಷ ಬೆನ್ನು ಬಗ್ಗಿಸಿದ ಜನಕ್ಕೆ ಇದಕ್ಕಿಂತ ಕೆಟ್ಟ ಕನಸು ಬೀಳಲಾರದು.

ಈ ಕಥೆ ಅಮೆರಿಕದವರ ಕಿವಿಗೆ ಬಿದ್ದದ್ದು ತಡವಾಗಿ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ಆಕ್ರಮಿಸಿ ಕೂತಿತ್ತು. ರಸ್ತೆ ಹಾಕಲು ಹಳ್ಳಿಯವರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದದ್ದೂ ಆಗಲೇ. ಆ ಕಾಲದಲ್ಲಿ ಅಲ್ಲಿಗೆ ಹೋಗಿ ಬಂದ ವಿಲಿಯಂ ಸೀಬ್ರೂಕ್ ಎಂಬ ಪತ್ರಕರ್ತ 1929ರಲ್ಲಿ 'ದಿ ಮ್ಯಾಜಿಕ್ ಐಲ್ಯಾಂಡ್' ಎಂಬ ಪುಸ್ತಕ ಬರೆದ. ಬಣ್ಣ ಬಳಿದು ಬರೆಯುವ ಆಸಾಮಿ, ಎಲ್ಲವನ್ನೂ ನಂಬಬೇಕಾಗಿಲ್ಲ. ಆದರೆ ಅಲ್ಲಿನವನೊಬ್ಬ ಹೇಳಿದ್ದೆಂದು ಅವನು ದಾಖಲಿಸಿದ ಒಂದು ಕಥೆ ಮುಂದಿನ ಎಲ್ಲ ಜೋಂಬಿ ಸಿನಿಮಾಗಳ ಬೇರು.

ಅಮೆರಿಕದವರ ಸಕ್ಕರೆ ಕಾರ್ಖಾನೆ. ಕಬ್ಬಿನ ಕೆಲಸಕ್ಕೆ ಆಳು ಬೇಕಾಗಿದೆ. ಒಬ್ಬ ಮೇಸ್ತ್ರಿ ಹರಕು ಬಟ್ಟೆಯ ಒಂದಷ್ಟು ಜನರನ್ನು ಸಾಲಾಗಿ ನಡೆಸಿಕೊಂಡು ಬರುತ್ತಾನೆ. ಹಾಜರಿ ಪುಸ್ತಕಕ್ಕೆ ಹೆಸರು ಬರೆದುಕೊಳ್ಳಬೇಕಲ್ಲ, ಗುಮಾಸ್ತ ಹೆಸರು ಕೇಳುತ್ತಾನೆ. ಯಾರೂ ಉತ್ತರ ಕೊಡುವುದಿಲ್ಲ. ದನಗಳ ಹಾಗೆ ನೋಡುತ್ತಾ ನಿಂತಿರುತ್ತಾರೆ. ಮೇಸ್ತ್ರಿ ಥಟ್ಟನೆ ಸಮಜಾಯಿಷಿ ಕೊಡುತ್ತಾನೆ: ಇವರು ಗಡಿ ಕಡೆಯ ಬೆಟ್ಟದವರು, ಬಯಲಿನ ಭಾಷೆ ತಿಳಿಯುವುದಿಲ್ಲ, ಕಾರ್ಖಾನೆಯ ಗದ್ದಲಕ್ಕೆ ಬೇರೆ ಹೆದರಿದ್ದಾರೆ. ಗುಮಾಸ್ತ ನಂಬುತ್ತಾನೆ. ಕೂಲಿ ಮಾತ್ರ ಮೇಸ್ತ್ರಿಯ ಜೇಬಿಗೆ.

ಕಥೆಯ ಕೊನೆ ಇನ್ನೂ ಚೆನ್ನಾಗಿದೆ. ಜೋಂಬಿಗೆ ಉಪ್ಪು ಹಾಕಬಾರದು ಎಂಬುದು ನಿಯಮ. ಮೇಸ್ತ್ರಿಯ ಹೆಂಡತಿ ಕನಿಕರಪಟ್ಟು ಹಬ್ಬದ ದಿನ ಅವರಿಗೆ ಸಿಹಿತಿಂಡಿ ಕೊಡಿಸುತ್ತಾಳೆ. ಅದರೊಳಗಿನ ಬೀಜಕ್ಕೆ ಉಪ್ಪು ಹಾಕಿದ್ದು ಅವಳಿಗೆ ಗೊತ್ತಿಲ್ಲ. ಉಪ್ಪು ನಾಲಗೆಗೆ ತಗುಲಿದ್ದೇ ತಡ, ತಾವು ಸತ್ತವರೆಂಬುದು ಅವರಿಗೆ ನೆನಪಾಗುತ್ತದೆ. ಒಟ್ಟಿಗೆ ಚೀರುತ್ತಾರೆ. ಇಡೀ ಕಥೆಯಲ್ಲಿ ಅವರು ಬಾಯಿ ತೆರೆಯುವುದು ಅಲ್ಲೊಂದೇ ಕಡೆ. ಆಮೇಲೆ ಎದ್ದು ತಮ್ಮ ಊರಿನ ಸ್ಮಶಾನದತ್ತ ನಡೆದು ಹೋಗುತ್ತಾರೆ. ನಮ್ಮಲ್ಲಿ ಉಪ್ಪಿನ ಋಣ ಎಂದರೆ ಧಣಿಗೆ ಕಟ್ಟಿಹಾಕುವ ಹಗ್ಗ. ಅಲ್ಲಿ ಉಪ್ಪೇ ಹಗ್ಗ ಬಿಚ್ಚುತ್ತದೆ.

ಅಂದರೆ ಮೌನ ಸಿನಿಮಾದವರು ಹುಟ್ಟಿಸಿದ್ದಲ್ಲ. ಹೆಸರು ಹೇಳಲಾಗದಿರುವುದು ಜೋಂಬಿಯ ಮೂಲ ಲಕ್ಷಣ.

ನಮ್ಮ ದೆವ್ವಗಳು ಬಾಯಿಬಡುಕರು

ಕನ್ನಡದವರಿಗೆ ಇದು ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿದೆ. ನಮ್ಮ ಸತ್ತವರು ಮಾತಾಡುತ್ತಾರೆ. ವಿಕ್ರಮನ ಹೆಗಲ ಮೇಲಿನ ಬೇತಾಳ ದಾರಿಯುದ್ದಕ್ಕೂ ಕಥೆ ಹೇಳುತ್ತದೆ, ಸುಮ್ಮನಿರಬೇಕಾದವನು ಬದುಕಿರುವ ರಾಜ! ಮಾತಾಡಿದರೆ ಹೆಣ ಮತ್ತೆ ಮರಕ್ಕೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಸಿದ ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತು. ಹಾಗೆಂದು ನಂಬಿದ್ದರಿಂದಲೇ ಅದಕ್ಕೆ ಓದಲು ಬರವಣಿಗೆ ಇಟ್ಟದ್ದು. ಮೈಮೇಲೆ ಬಂದ ದೆವ್ವವನ್ನು ಮಂತ್ರವಾದಿ ಮೊದಲು ಕೇಳುವುದೂ "ಯಾರು ನೀನು, ಹೆಸರು ಹೇಳು" ಎಂದೇ. ಅದು ಹೇಳುತ್ತದೆ, ತನ್ನ ಸಂಕಟವನ್ನೂ ಹೇಳಿಕೊಳ್ಳುತ್ತದೆ, ಕೋಳಿಯನ್ನೂ ಕೇಳುತ್ತದೆ. ದನಿಯೇ ನಮ್ಮ ದೆವ್ವದ ಆಯುಧ. ಜೋಂಬಿಯಿಂದ ಕಿತ್ತುಕೊಂಡಿರುವುದು ಅದನ್ನೇ.

ಸಿನಿಮಾಗೆ ಬಾಯಿ ಬಂದ ಹೊಸತರಲ್ಲಿ

ಈಗ ಸಿನಿಮಾಗೆ ಬರೋಣ. ಹಾಲಿವುಡ್‌ನಲ್ಲಿ ಮಾತು ಜನಪ್ರಿಯವಾದದ್ದು 1927ರ 'ದಿ ಜಾಝ್ ಸಿಂಗರ್' ಬಂದ ಮೇಲೆ. ನಮ್ಮ ದೇಶದ ಮೊದಲ ಟಾಕಿ 'ಆಲಂ ಆರಾ' 1931ರಲ್ಲಿ, ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರಲ್ಲಿ. ನಡುವೆ, 1932ರಲ್ಲಿ, 'ವೈಟ್ ಜೋಂಬಿ'. ಅಂದರೆ ಸಿನಿಮಾ ಮಾತು ಕಲಿತು ಐದೇ ವರ್ಷ ಆಗಿದ್ದಾಗ, ಮಾತೇ ಬಾರದ ಪಾತ್ರಗಳನ್ನಿಟ್ಟುಕೊಂಡು ಒಂದು ಚಿತ್ರ ಬಂತು.

ಆ ಕಾಲದ ಮೌನ ಈಗಿನ ಮೌನದಂಥದ್ದಲ್ಲ. ಆಗ ಹೆಚ್ಚಾಗಿ ಶಬ್ದವನ್ನು ಫಿಲ್ಮಿನ ಅಂಚಿನಲ್ಲಿ, ಬೆಳಕು ಮತ್ತು ಕತ್ತಲಿನ ಸಣ್ಣ ಪಟ್ಟಿಯಾಗಿ ಅಚ್ಚು ಹಾಕುತ್ತಿದ್ದರು. ಪ್ರೊಜೆಕ್ಟರಿನಲ್ಲಿ ಆ ಪಟ್ಟಿಯ ಮೂಲಕ ಬೆಳಕು ಹಾಯಿಸಿ, ಅದರ ಏರಿಳಿತವನ್ನು ಮತ್ತೆ ಶಬ್ದವಾಗಿಸುವುದು. ಪಟ್ಟಿಯ ಮೇಲೆ ಧೂಳು ಕೂತರೆ, ಗೀರು ಬಿದ್ದರೆ ಅದೂ ಶಬ್ದವೇ. ಹಾಗಾಗಿ ಯಾರೂ ಮಾತಾಡದಿದ್ದಾಗ ಚಿತ್ರಮಂದಿರದಲ್ಲಿ ಕೇಳುತ್ತಿದ್ದುದು ಸುಯ್ ಎಂಬ ಸದ್ದು, ನಡುನಡುವೆ ಚಿಟಪಟ. ಹಳ್ಳಿಯ ಮನೆಯಲ್ಲಿ ಕರೆಂಟು ಹೋದಾಗ ಮೊದಲು ಕೇಳುವುದು ಜೀರುಂಡೆಯಲ್ಲವೇ? ಅದರಂತೆ, ಮಾತು ನಿಂತ ಕೂಡಲೇ ಯಂತ್ರದ ಉಸಿರು ಕೇಳುತ್ತಿತ್ತು. ಈಗ ಶುದ್ಧ ಮಾಡಿ ಬಿಡುಗಡೆ ಮಾಡುವ ಪ್ರತಿಗಳಲ್ಲಿ ಆ ಸುಯ್ ಅನ್ನು ಎಷ್ಟೋ ತೊಳೆದುಬಿಡುತ್ತಾರೆ. 1932ರ ಪ್ರೇಕ್ಷಕ ಕೇಳಿದ್ದಕ್ಕಿಂತ ಹೆಚ್ಚು ನಿಶ್ಶಬ್ದವಾದ ಚಿತ್ರವನ್ನು ನಾವು ನೋಡುತ್ತಿದ್ದೇವೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿದ್ದರೆ ಮುಂದಿನದು ಸುಲಭ. ಸಿನಿಮಾದ ಶಬ್ದದಲ್ಲಿ ಎರಡು ಬಗೆ. ಪಾತ್ರಗಳ ಕಿವಿಗೂ ಬೀಳುವಂಥದ್ದು ಒಂದು: ಬಾಗಿಲು ಕಿರುಗುಟ್ಟುವುದು, ನಾಯಿ ಬೊಗಳುವುದು. ಇದು ಕಥೆಯೊಳಗಿನ ಶಬ್ದ. ಇನ್ನೊಂದು ನಮಗೆ ಮಾತ್ರ ಕೇಳುವಂಥದ್ದು. ನಾಯಕ ನಾಯಕಿ ಬೆಟ್ಟದ ಮೇಲೆ ಹಾಡುವಾಗ ವಯಲಿನ್ ಎಲ್ಲಿಂದ ಬಂತು ಎಂದು ಅವರೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇದು ಕಥೆಯ ಹೊರಗಿನ ಶಬ್ದ, ಹಿನ್ನೆಲೆ ಸಂಗೀತ.

ಮೂಕಿ ಚಿತ್ರದ ಕಾಲಕ್ಕೆ ಹಿನ್ನೆಲೆ ಸಂಗೀತಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ, ಪರದೆಯ ಪಕ್ಕದಲ್ಲೇ ಕೂತು ನುಡಿಸುತ್ತಿದ್ದರು. ಟಾಕಿ ಬಂದ ಮೇಲೆ ನಿರ್ಮಾಪಕರಿಗೆ ಹೊಸ ಅನುಮಾನ ಶುರುವಾಯಿತು: ವಾದ್ಯ ಕಾಣದೆ ಸಂಗೀತ ಕೇಳಿದರೆ ಜನ ಗೊಂದಲಪಟ್ಟಾರೆ? ಮಾತಿನ ಮೇಲೆ ಸಂಗೀತವನ್ನು ಬೆರೆಸುವ ತಂತ್ರವೂ ಇನ್ನೂ ತೊಡಕಿನದಾಗಿತ್ತು. ಅದಕ್ಕೇ 1931ರ 'ಡ್ರಾಕುಲಾ'ದಲ್ಲಿ ಹೆಸರುಗಳು ಮೂಡುವಾಗಿನ ಸಂಗೀತ ಬಿಟ್ಟರೆ ಹಿನ್ನೆಲೆಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. 'ವೈಟ್ ಜೋಂಬಿ' ಆ ಲೆಕ್ಕದಲ್ಲಿ ಧೈರ್ಯದ ಚಿತ್ರ. ಕೆಲವು ದೃಶ್ಯಗಳಿಗೆ ಹಿಂದಿನಿಂದ ಸಂಗೀತ ಹರಿಸುತ್ತದೆ, ಕೆಲವಕ್ಕೆ ಬರೀ ನಗಾರಿ ಮತ್ತು ಗುಂಪಿನ ಹಾಡು, ಕೆಲವಕ್ಕೆ ಏನೂ ಇಲ್ಲ. ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು ಎಂದು ಯೋಚಿಸಿದಂತೆ ಕೇಳಿಸುತ್ತದೆ.

ಗಾಣದ ಕಿರ್ರ್

ಆ ಯೋಚನೆ ಅತಿ ಚೆನ್ನಾಗಿ ಫಲಿಸಿರುವುದು ಸಕ್ಕರೆ ಗಾಣದ ದೃಶ್ಯದಲ್ಲಿ. ಕಥೆ ಇಷ್ಟು: ಮದುವೆಯಾಗಲು ಹೈಟಿಗೆ ಬಂದಿಳಿದ ಮ್ಯಾಡಲಿನ್ ಎಂಬ ಹುಡುಗಿಯ ಮೇಲೆ ಬ್ಯೂಮಾಂಟ್ ಎಂಬ ತೋಟದ ಸಾಹುಕಾರ ಮನಸ್ಸಿಟ್ಟಿದ್ದಾನೆ. ಅವಳನ್ನು ಹೇಗಾದರೂ ಪಡೆಯಬೇಕೆಂದು ಲಜಾಂಡ್ರ್ ಎಂಬ ಮಾಟಗಾರನ ಹತ್ತಿರ ಹೋಗುತ್ತಾನೆ. ಲಜಾಂಡ್ರ್ ಆಗಿ ನಟಿಸಿದವನು ಹಿಂದಿನ ವರ್ಷವಷ್ಟೇ ಡ್ರಾಕುಲಾ ಆಗಿ ಹೆಸರಾದ ಬೆಲಾ ಲುಗೋಸಿ.

ಬ್ಯೂಮಾಂಟ್ ಗಾಣದ ಒಳಗೆ ಕಾಲಿಡುತ್ತಾನೆ. ಆಲೆಮನೆ ಕಂಡವರಿಗೆ ದೃಶ್ಯ ಪರಿಚಿತ, ಆದರೆ ಇಲ್ಲಿ ನೊಗಕ್ಕೆ ಎತ್ತಿಲ್ಲ. ಮನುಷ್ಯರೇ ಮರದ ತೊಲೆ ಹಿಡಿದು ಸುತ್ತುತ್ತಿದ್ದಾರೆ. ಮೇಲಿನ ಅಟ್ಟದಲ್ಲಿ ತಲೆಯ ಮೇಲೆ ಕಬ್ಬಿನ ಬುಟ್ಟಿ ಹೊತ್ತವರ ಸಾಲು. ಮಾತಿಲ್ಲ, ಸಂಗೀತವಿಲ್ಲ. ಕಿರ್ರ್... ಕಿರ್ರ್... ಎಂದು ಮರ ನರಳುವ ಸದ್ದೊಂದೇ. ಸಾಲಿನಲ್ಲಿದ್ದ ಒಬ್ಬ ಎಡವುತ್ತಾನೆ. ಬುಟ್ಟಿಯ ಸಮೇತ ಅರೆಯುವ ಯಂತ್ರದೊಳಕ್ಕೆ ಬೀಳುತ್ತಾನೆ. ಅವನು ಚೀರುವುದಿಲ್ಲ. ಉಳಿದವರು ತಿರುಗಿ ನೋಡುವುದಿಲ್ಲ. ಕೆಳಗೆ ತೊಲೆ ತಳ್ಳುವವರು ನಿಲ್ಲಿಸುವುದಿಲ್ಲ. ಕಿರ್ರ್ ಸದ್ದಿನ ಲಯ ಕೂಡ ತಪ್ಪುವುದಿಲ್ಲ.

ಭಯ ಹುಟ್ಟುವುದು ಇಲ್ಲೇ. ಬೇರೆ ಯಾವ ಚಿತ್ರದಲ್ಲಾದರೂ ಈ ಜಾಗದಲ್ಲಿ ಒಂದು ಕಿರುಚಾಟ ಇರುತ್ತಿತ್ತು. ನಮ್ಮ ಕಿವಿ ಅದಕ್ಕೆ ಕಾದಿರುತ್ತದೆ. ಮೆಟ್ಟಿಲು ಇನ್ನೂ ಒಂದಿದೆ ಎಂದು ಕತ್ತಲಲ್ಲಿ ಕಾಲಿಟ್ಟಾಗ ನೆಲವೇ ಸಿಕ್ಕಿದರೆ ಎದೆ ಧಸಕ್ಕೆನ್ನುತ್ತದಲ್ಲ, ಅಂಥ ಅನುಭವ. ಈ ಸಿನಿಮಾ ಚೀರಾಟವನ್ನು ತೋರಿಸಿ ಹೆದರಿಸುವುದಿಲ್ಲ, ಬರಬೇಕಾದ ಚೀರಾಟವನ್ನು ಬಾರದಂತೆ ಮಾಡಿ ಹೆದರಿಸುತ್ತದೆ. ಜೋಂಬಿ ಮಾತಾಡುವುದಿಲ್ಲ ಎಂಬ ನಿಯಮ ಯಾರೂ ವಿವರಿಸದೆಯೇ ಪ್ರೇಕ್ಷಕನಿಗೆ ಅರ್ಥವಾಗುತ್ತದೆ.

ಅಲ್ಲಿಂದ ಲಜಾಂಡ್ರ್ ಮಾತು ಶುರು ಮಾಡುತ್ತಾನೆ. ನಿಮ್ಮ ತೋಟಕ್ಕೂ ಇಂಥ ಆಳು ಇಟ್ಟುಕೊಳ್ಳಿ, ನಿಷ್ಠೆಯಿಂದ ದುಡಿಯುತ್ತಾರೆ, ಹೊತ್ತು ಎಷ್ಟಾಯಿತೆಂದು ಗೊಣಗುವುದಿಲ್ಲ ಎಂಬ ಅರ್ಥದ ಮಾತು. ಕೇಳಿದರೆ ವ್ಯಾಪಾರಿಯ ಮಾತು. ಹಿಂದೆ ಗಾಣ ಸುತ್ತುತ್ತಲೇ ಇದೆ.

ಬಡತನದ ಮೌನವೂ ಇದೆ

ಎಲ್ಲವನ್ನೂ ಕಲೆ ಎಂದು ಹೊಗಳುವುದು ಬೇಡ. ವಿಕ್ಟರ್ ಹಾಲ್ಪೆರಿನ್ ನಿರ್ದೇಶಿಸಿ ಅವನ ಸಹೋದರ ಎಡ್ವರ್ಡ್ ನಿರ್ಮಿಸಿದ ಈ ಚಿತ್ರ ಚಿಲ್ಲರೆ ಕಾಸಿನದು. ಹನ್ನೊಂದು ದಿನಗಳಲ್ಲಿ ಚಿತ್ರೀಕರಣ, ಬಹುತೇಕ ರಾತ್ರಿ ಹೊತ್ತು, ಯೂನಿವರ್ಸಲ್ ಸ್ಟುಡಿಯೊದಲ್ಲಿ ಬೇರೆ ಚಿತ್ರಗಳಿಗೆ ಕಟ್ಟಿದ್ದ ಸೆಟ್ಟುಗಳನ್ನು ಬಾಡಿಗೆಗೆ ಪಡೆದು. ಮಾತಿದ್ದರೆ ತಾಲೀಮು ಬೇಕು, ಮೈಕು ಹೊಂದಿಸಬೇಕು, ತಪ್ಪಿದರೆ ಮತ್ತೆ ತೆಗೆಯಬೇಕು. ಸುಮ್ಮನೆ ನಡೆಯುವವರಿಗೆ ಇದಾವುದೂ ಬೇಡ.

ನಟರದೂ ಹಾಗೆಯೇ. ಮ್ಯಾಡಲಿನ್ ಆದ ಮ್ಯಾಜ್ ಬೆಲ್ಲಮಿ ಮೂಕಿ ಕಾಲದ ತಾರೆ. ಅವಳ ಕಣ್ಣು ಮಾತಾಡುತ್ತವೆ, ಸಂಭಾಷಣೆ ಹೇಳಿದರೆ ಶಾಲಾ ವಾರ್ಷಿಕೋತ್ಸವದ ನೆನಪಾಗುತ್ತದೆ. ಆ ಕಾಲದ ವಿಮರ್ಶಕರೂ ನಟನೆಯನ್ನು, ಸಂಭಾಷಣೆಯನ್ನು ಚೆನ್ನಾಗಿಯೇ ಝಾಡಿಸಿದ್ದರು. ನನಗೂ ಈ ಚಿತ್ರದಲ್ಲಿ ಯಾರಾದರೂ ಪ್ರೇಮದ ಮಾತು ಶುರು ಮಾಡಿದರೆ ಸಾಕಪ್ಪ ಎನಿಸುತ್ತದೆ. ತಮಾಷೆಯೆಂದರೆ, ಮ್ಯಾಡಲಿನ್ ಜೋಂಬಿಯಾದ ಮೇಲೆ ಅವಳ ನಟನೆ ಒಮ್ಮೆಲೇ ಸರಿಹೋಗುತ್ತದೆ. ಕೋಟೆಯಲ್ಲಿ ಕೂತು ಪಿಯಾನೊ ನುಡಿಸುತ್ತಾಳೆ. ಬೆರಳಿಗೆ ಸಂಗೀತ ನೆನಪಿದೆ, ಮುಖಕ್ಕೆ ಏನೂ ನೆನಪಿಲ್ಲ. ಅವಳಿಗಾಗಿ ಎಲ್ಲ ಮಾಡಿದ ಬ್ಯೂಮಾಂಟ್ ಪಕ್ಕದಲ್ಲಿ ನಿಂತು ಒಡವೆ ಹಾಕುತ್ತಾನೆ, ಬೇಡಿಕೊಳ್ಳುತ್ತಾನೆ, ಉತ್ತರವಿಲ್ಲ.

ಮಾತು ಯಾರ ಹತ್ತಿರ ಇದೆ?

ಹಳೆಯ ಜೋಂಬಿ ಚಿತ್ರ ಅರ್ಥವಾಗಬೇಕಾದರೆ ಈ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿದರೆ ಸಾಕು: ಈ ಕೋಣೆಯಲ್ಲಿ ಮಾತಾಡುವ ಹಕ್ಕು ಯಾರದು?

ಲಜಾಂಡ್ರ್ ತನ್ನ ಜೋಂಬಿಗಳನ್ನು ಬ್ಯೂಮಾಂಟ್‌ಗೆ ಪರಿಚಯ ಮಾಡಿಕೊಡುವ ದೃಶ್ಯವಿದೆ. ಸಾಮಾನ್ಯರಲ್ಲ ಅವರು. ಒಬ್ಬ ಮಂತ್ರಿಯಾಗಿದ್ದವನು, ಒಬ್ಬ ಪೊಲೀಸು ದಳದ ನಾಯಕ, ಒಬ್ಬ ಲಜಾಂಡ್ರ್‌ನನ್ನೇ ಗಲ್ಲಿಗೇರಿಸಬೇಕಿದ್ದ ಅಧಿಕಾರಿ, ಒಬ್ಬ ಅವನ ಗುರುವಾಗಿದ್ದ ಮಾಂತ್ರಿಕ. ಬದುಕಿದ್ದಾಗ ಇವರ ಒಂದು ಮಾತಿಗೆ ಜನ ನಡುಗುತ್ತಿದ್ದರು. ಈಗ ಅವರ ಹೆಸರನ್ನೂ ಇನ್ನೊಬ್ಬ ಹೇಳಬೇಕು. ಇವರಿಗೆ ಆತ್ಮ ಮರಳಿ ಬಂದರೆ ಏನಾದೀತು ಎಂದು ಬ್ಯೂಮಾಂಟ್ ಕೇಳಿದಾಗ, ನನ್ನನ್ನು ಚೂರುಚೂರು ಮಾಡುತ್ತಾರೆ ಎಂದು ಅವನು ಆರಾಮಾಗಿ ಹೇಳುತ್ತಾನೆ.

ಲುಗೋಸಿಯ ಇಂಗ್ಲಿಷ್ ಹಂಗೇರಿಯ ಧಾಟಿಯದು. ಪದ ಪದಕ್ಕೂ ತಡೆದು, ತೂಗಿ ಹೇಳುತ್ತಾನೆ. ಬೇರೆಯವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವನದು ಎರಡು ಪದ. ಸುತ್ತಲೂ ಎಲ್ಲರೂ ಮೂಕರಾಗಿರುವಾಗ ಅಷ್ಟು ನಿಧಾನ ಮಾತಾಡಲು ಪುರುಸೊತ್ತು ಇರುವುದು ಒಡೆಯನಿಗೆ ಮಾತ್ರ.

ಬ್ಯೂಮಾಂಟ್‌ಗೂ ಆ ಗತಿಯೇ ಬರುತ್ತದೆ. ಮಾಟಗಾರ ಅವನಿಗೂ ಪುಡಿ ಕುಡಿಸಿದ್ದಾನೆ. ಕುರ್ಚಿಯಲ್ಲಿ ಕೂತಿದ್ದಾನೆ, ಕೈಕಾಲು ಬೀಳುತ್ತಿವೆ, ನಾಲಗೆ ಏಳುತ್ತಿಲ್ಲ. ಎದುರಿಗೆ ಲಜಾಂಡ್ರ್ ಮೇಣದ ಗೊಂಬೆ ಕೆತ್ತುತ್ತಾ, ನಿನಗೆ ಮಾತು ಹೋಯಿತಲ್ಲ, ಇಲ್ಲದಿದ್ದರೆ ಏನೇನಾಗುತ್ತಿದೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದೆ, ತನಗೇನಾಗುತ್ತಿದೆ ಎಂದು ಗೊತ್ತಿರುವ ಮೊದಲನೆಯವನು ನೀನೇ ಎಂಬರ್ಥದಲ್ಲಿ ಹೇಳುತ್ತಾನೆ. ಚಿತ್ರದಲ್ಲಿ ಇಷ್ಟು ಕ್ರೂರವಾದ ಮಾತು ಇನ್ನೊಂದಿಲ್ಲ. ಅದರಲ್ಲಿ ರಕ್ತದ ಹನಿಯೂ ಇಲ್ಲ.

ಇನ್ನೊಂದು ವಿಷಯ ಗಮನಿಸಬೇಕು. ಜೋಂಬಿ ಎಂದರೇನು ಎಂದು ಚಿತ್ರದಲ್ಲಿ ಮೊದಲು ವಿವರಿಸುವವನು ಸಾರೋಟಿನ ಚಾಲಕ, ಆ ಪಾತ್ರ ಮಾಡಿದ್ದು ಕರಿಯ ನಟ ಕ್ಲಾರೆನ್ಸ್ ಮ್ಯೂಸ್. ಅವರು ಮನುಷ್ಯರಲ್ಲ, ಹೆಣಗಳು ಎಂದು ಹೇಳಿ ಅವನು ಹೊರಟುಹೋಗುತ್ತಾನೆ. ಆಮೇಲೆ ಹೈಟಿಯ ಬಗ್ಗೆ ಮಾತಾಡುವವರೆಲ್ಲ ಬಿಳಿಯ ನಟರೇ. ಚಿತ್ರದ ಹೆಸರಿನಲ್ಲೇ ಇದೆಯಲ್ಲ, ಇಲ್ಲಿ ಭಯದ ವಿಷಯ ಬಿಳಿ ಹೆಂಗಸು ಜೋಂಬಿಯಾದದ್ದು. ಗಾಣ ಸುತ್ತುವವರು ಹಿನ್ನೆಲೆ.

ವಾಚಾಳಿ ಜೋಂಬಿ

ಒಂದು ನಿಯಮ ಜನರ ಮನಸ್ಸಿನಲ್ಲಿ ಕೂತಿದೆ ಎಂದು ಗೊತ್ತಾಗುವುದು ಅದರ ಬಗ್ಗೆ ಜೋಕು ಹುಟ್ಟಿದಾಗ. 1941ರ 'ಕಿಂಗ್ ಆಫ್ ದಿ ಜೋಂಬೀಸ್' ಎಂಬ ಅಗ್ಗದ ಹಾಸ್ಯಚಿತ್ರದಲ್ಲಿ ಕರಿಯ ಹಾಸ್ಯನಟ ಮ್ಯಾಂಟನ್ ಮೊರ್‌ಲ್ಯಾಂಡ್, ತಾನು ಜೋಂಬಿ ಆಗಿಬಿಟ್ಟೆ ಎಂದು ನಂಬಿ ಸಾಲಿನಲ್ಲಿ ಹೋಗಿ ನಿಲ್ಲುತ್ತಾನೆ. ಜೋಂಬಿಗಳು ಮಾತಾಡುವುದಿಲ್ಲವಲ್ಲ ಎಂದು ಅಡುಗೆಮನೆಯ ಹುಡುಗಿ ತಗಾದೆ ತೆಗೆದರೆ, ನಾನು ವಾಚಾಳಿಯಾದರೆ ಅದು ನನ್ನ ತಪ್ಪೇ ಎನ್ನುತ್ತಾನೆ. ಚಿತ್ರ ಮರೆತರೂ ಆ ಒಂದು ಸಾಲು ಮರೆಯುವುದಿಲ್ಲ. ಆ ಕಾಲದ ಹಾಲಿವುಡ್ ಕರಿಯರಿಗೆ ಕೊಡುತ್ತಿದ್ದುದು ಹೆದರಿ ಕಣ್ಣರಳಿಸುವ ಆಳಿನ ಪಾತ್ರಗಳನ್ನು. ಮೊರ್‌ಲ್ಯಾಂಡ್ ಅದರೊಳಗೇ ನಿಂತು, ಬಾಯಿ ಮುಚ್ಚಿಸಲಾಗದ ಏಕೈಕ ಜೋಂಬಿ ಆದ.

ಕಬ್ಬಿನ ಗದ್ದೆಯ ನಡಿಗೆ

ಇನ್ನು 1943ಕ್ಕೆ ಬರೋಣ. ಆರ್‌ಕೆಓ ಸ್ಟುಡಿಯೊದಲ್ಲಿ ವಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಅಗ್ಗದ ಭಯಾನಕ ಚಿತ್ರಗಳನ್ನು ತಯಾರಿಸುವ ಕೆಲಸ. ಮೇಲಿನವರು ಚಿತ್ರದ ಹೆಸರು ಕೊಡುತ್ತಿದ್ದರು, ಇವನು ಅದಕ್ಕೆ ಚಿತ್ರ ಮಾಡಬೇಕು. ಹಾಗೆ ಸಿಕ್ಕ ಹೆಸರು 'ಐ ವಾಕ್ಡ್ ವಿತ್ ಎ ಜೋಂಬಿ'. ಇಷ್ಟು ಸಂತೆಯ ಹೆಸರಿಗೆ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಸೇರಿ 69 ನಿಮಿಷದ ಒಂದು ಕವಿತೆಯಂಥ ಚಿತ್ರ ಮಾಡಿದರು. 'ಜೇನ್ ಐರ್' ಕಾದಂಬರಿಯ ಎಳೆಯೂ ಇದರಲ್ಲಿದೆ: ದ್ವೀಪದ ತೋಟದ ಮನೆ, ಬುದ್ಧಿ ಹೋದ ಹೆಂಡತಿ, ನೋಡಿಕೊಳ್ಳಲು ಬಂದ ನರ್ಸ್ ಬೆಟ್ಸಿ.

ಆ ಹೆಂಡತಿ ಜೆಸಿಕಾ ಇಡೀ ಚಿತ್ರದಲ್ಲಿ ಒಂದು ಮಾತಾಡುವುದಿಲ್ಲ. ಜ್ವರ ಬಂದು ಹೀಗಾದಳು ಎನ್ನುತ್ತಾನೆ ವೈದ್ಯ, ಜೋಂಬಿ ಎನ್ನುತ್ತದೆ ಊರು. ಚಿತ್ರ ಯಾವುದನ್ನೂ ಖಚಿತ ಮಾಡುವುದಿಲ್ಲ. ಅವಳು ಮಾತಾಡಿದ್ದರೆ ಗುಟ್ಟು ಬಯಲಾಗುತ್ತಿತ್ತು, ಆದ್ದರಿಂದಲೇ ಅವಳ ಸುತ್ತ ಎಲ್ಲರೂ ಮಾತಾಡುತ್ತಾರೆ. ಗಂಡ ಒಂದು ಹೇಳುತ್ತಾನೆ, ಮೈದುನ ಇನ್ನೊಂದು, ಅತ್ತೆ ಮತ್ತೊಂದು.

ಒಂದು ರಾತ್ರಿ ಬೆಟ್ಸಿ ಅವಳನ್ನು ವೋಡು ಗುಡಿಗೆ ಕರೆದೊಯ್ಯುತ್ತಾಳೆ, ಅಲ್ಲಿಯಾದರೂ ವಾಸಿಯಾದೀತೆಂದು. ದಾರಿ ಕಬ್ಬಿನ ಗದ್ದೆಯ ನಡುವೆ. ಮುಂದಿನ ಕೆಲವು ನಿಮಿಷ ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಸಂಗೀತ ಸಂಯೋಜಕ ರಾಯ್ ವೆಬ್ ಇದ್ದರೂ ಇಲ್ಲಿ ಅವನ ಕೈ ಕಟ್ಟಿದ್ದಾರೆ. ಬಟ್ಟೆಯ ಸರಸರ, ಕಬ್ಬಿನ ಗರಿ ಉಜ್ಜುವುದು, ಗಾಳಿ. ಮರಕ್ಕೆ ಒಂದು ತೂತುಬಿದ್ದ ಸೋರೆಬುರುಡೆ ಕಟ್ಟಿದೆ. ಗಾಳಿ ಅದರೊಳಗೆ ಹೊಕ್ಕು ಊಳಿಡುತ್ತದೆ. ನೋಡಿ, ಇದೇ ಕಥೆಯೊಳಗಿನ ಶಬ್ದ. ಬೇರೆ ಚಿತ್ರದಲ್ಲಿ ವಯಲಿನ್ ಮಾಡಬೇಕಾದ ಕೆಲಸವನ್ನು ಇಲ್ಲಿ ಒಂದು ಸೋರೆಬುರುಡೆ ಮಾಡುತ್ತದೆ, ಮತ್ತು ಅದನ್ನು ಬೆಟ್ಸಿಯೂ ಕೇಳುತ್ತಿದ್ದಾಳೆ. ಹಿನ್ನೆಲೆ ಸಂಗೀತ ಇದ್ದಿದ್ದರೆ ಪ್ರೇಕ್ಷಕನಿಗೆ ಒಂದು ಸಮಾಧಾನ ಇರುತ್ತಿತ್ತು: ಇದು ಸಿನಿಮಾ. ಅದನ್ನು ತೆಗೆದ ಕೂಡಲೇ ಅವನೂ ಗದ್ದೆಯೊಳಗೆ ಇಳಿದಂತೆ. ಕಾಫಿ ತೋಟದಲ್ಲೋ ಅಡಿಕೆ ತೋಟದಲ್ಲೋ ರಾತ್ರಿ ಒಬ್ಬರೇ ನಡೆದವರಿಗೆ ಹೆಚ್ಚು ವಿವರಿಸಬೇಕಿಲ್ಲ, ಅಲ್ಲಿ ನಮ್ಮ ಕಾಲಸಪ್ಪಳವೇ ಬೇರೆಯವರದೆನ್ನಿಸುತ್ತದೆ.

ದಾರಿಯ ತಿರುವಿನಲ್ಲಿ ಟಾರ್ಚಿನ ಬೆಳಕು ಮೊದಲು ಒಂದು ಪಾದದ ಮೇಲೆ ಬೀಳುತ್ತದೆ, ಆಮೇಲೆ ಮುಖದ ಮೇಲೆ. ಕಾರಫೂರ್. ಎತ್ತರದ, ಉಬ್ಬಿದ ಕಣ್ಣಿನ ಕಾವಲುಗಾರ, ನಟ ಡಾರ್ಬಿ ಜೋನ್ಸ್. ಅವನ ಹೆಸರಿಗೆ ಫ್ರೆಂಚಿನಲ್ಲಿ ನಾಲ್ಕು ದಾರಿ ಕೂಡುವ ಜಾಗ ಎಂದರ್ಥ. ಅವನು ಗದರುವುದಿಲ್ಲ, ಅಡ್ಡಗಟ್ಟುವುದಿಲ್ಲ, ನಿಂತಿದ್ದಾನೆ ಅಷ್ಟೇ. ಇಬ್ಬರೂ ಅವನ ಪಕ್ಕದಿಂದ ಹಾದು ಹೋಗುತ್ತಾರೆ. ಚಿತ್ರದ ಇತಿಹಾಸದಲ್ಲಿ ಇಷ್ಟು ಕಡಿಮೆ ಮಾಡಿ ಇಷ್ಟು ನೆನಪಿನಲ್ಲುಳಿದ ಪಾತ್ರ ಕಡಿಮೆ.

ಮೌನದ ಚಿತ್ರ ಎಂದು ಹೇಳಿದರೂ ಇದರಲ್ಲಿ ನನಗೆ ಅತಿ ಹೆಚ್ಚು ಕಾಡುವುದು ಒಂದು ಸಣ್ಣ ಸಂಭಾಷಣೆ. ಬೆಟ್ಸಿ ದ್ವೀಪಕ್ಕೆ ಬಂದಿಳಿದ ದಿನ. ಗಾಡಿ ಹೊಡೆಯುವ ಕರಿಯ ಮುದುಕ, ತಮ್ಮ ಹಿರಿಯರನ್ನು ದೊಡ್ಡ ಹಡಗಿನ ತಳದಲ್ಲಿ ಸಂಕೋಲೆ ಹಾಕಿ ತಂದ ಕಥೆ ಹೇಳುತ್ತಾನೆ. ಬೆಟ್ಸಿ ಸುತ್ತ ನೋಡಿ, ಆದರೂ ಎಂಥ ಸುಂದರ ಜಾಗಕ್ಕೆ ತಂದರಲ್ಲ ಎಂದುಬಿಡುತ್ತಾಳೆ. ಮುದುಕ, ನೀವು ಹಾಗೆ ಹೇಳಿದರೆ ಹಾಗೇ ತಾಯಿ ಎನ್ನುತ್ತಾನೆ. ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾನೆ. ಮಾತಾಡುತ್ತಲೇ ಬಾಯಿ ಮುಚ್ಚಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತು. ಧಣಿ ಮುಂದೆ "ತಾವು ಹೇಳಿದ ಮೇಲೆ ಆಯ್ತು ಬುದ್ಧಿ" ಎಂದು ಕೈಕಟ್ಟಿ ನಿಲ್ಲುವುದನ್ನು ನೋಡಿದ ನಮ್ಮ ಊರಿನವರಿಗೆ ಆ ದನಿ ಅಪರಿಚಿತವಲ್ಲ.

ನೇರ ಹೇಳಲಾಗದ್ದನ್ನು ಊರು ಹಾಡಿನಲ್ಲಿ ಹೇಳುತ್ತದೆ. ಟ್ರಿನಿಡಾಡಿನ ಗಾಯಕ ಸರ್ ಲ್ಯಾನ್ಸಲಾಟ್, ತೋಟದ ಮನೆಯ ಅಣ್ಣ-ತಮ್ಮಂದಿರ ಹಗರಣವನ್ನು ಬೀದಿಯಲ್ಲಿ ಹಾಡುತ್ತಾನೆ. ಮನೆಯವರು ಕೇಳಿಸಿಕೊಂಡರೆಂದು ತಿಳಿದು ಕ್ಷಮೆ ಕೇಳುತ್ತಾನೆ. ಕತ್ತಲಾದ ಮೇಲೆ, ತಮ್ಮ ಕುಡಿದು ಮೇಜಿನ ಮೇಲೆ ಬಿದ್ದಿರುವಾಗ, ಬೆಟ್ಸಿಯತ್ತ ಒಂದೊಂದೇ ಹೆಜ್ಜೆ ಇಡುತ್ತಾ ಉಳಿದ ಚರಣವನ್ನು ಹಾಡಿ ಮುಗಿಸುತ್ತಾನೆ. ಈಗ ಕ್ಷಮೆಯ ಮಾತಿಲ್ಲ.

ಗೊರಗುಟ್ಟುವಿಕೆ ಬಂದದ್ದು ಆಮೇಲೆ

1968ರಲ್ಲಿ ಪಿಟ್ಸ್‌ಬರ್ಗ್‌ನ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ತೆಗೆದ ಮೇಲೆ ಲೆಕ್ಕವೇ ಬದಲಾಯಿತು. ಎಬ್ಬಿಸುವ ಮಾಟಗಾರ ಇಲ್ಲ, ದುಡಿಮೆ ಇಲ್ಲ, ಸತ್ತವರು ತಾವಾಗಿಯೇ ಎದ್ದು ಮನುಷ್ಯರನ್ನು ತಿನ್ನುತ್ತಾರೆ. ಚಿತ್ರದಲ್ಲಿ ಜೋಂಬಿ ಎಂಬ ಪದವೇ ಬರುವುದಿಲ್ಲ. ಒಡೆಯನಿಲ್ಲದ ಮೇಲೆ ಅಪ್ಪಣೆಯ ಮಾತೂ ಇಲ್ಲ. ಆ ಜಾಗಕ್ಕೆ ರೇಡಿಯೊ ಮತ್ತು ಟಿವಿ ಬಂದು ಕೂತಿವೆ, ನಿಲ್ಲದೆ ಸುದ್ದಿ ಓದುತ್ತವೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಮನೆಯೊಳಗೆ ಬದುಕಿರುವವರು ಕಿತ್ತಾಡುತ್ತಾರೆ. ಮಾತು ಕಳೆದುಕೊಂಡು ಸೋಫಾದ ಮೇಲೆ ಶೂನ್ಯ ನೋಡುತ್ತಾ ಕೂರುವ ಬಾರ್ಬ್ರಾ ಎಂಬ ಹುಡುಗಿ ಇನ್ನೂ ಸತ್ತೇ ಇಲ್ಲ. ಹಳೆಯ ಜೋಂಬಿಯ ಮೌನ ಬಾಗಿಲು ದಾಟಿ ಒಳಗೆ ಬಂದಂತಿದೆ.

ಹಳೆಯದನ್ನು ನೋಡಬೇಕೆನಿಸಿದವರಿಗೆ ಒಂದು ಕಿವಿಮಾತು. 'ವೈಟ್ ಜೋಂಬಿ'ಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಎಂದೋ ಮುಗಿದಿರುವುದರಿಂದ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ, ಒಂದು ಗಂಟೆ ಚಿಲ್ಲರೆ. ಇಯರ್‌ಫೋನ್ ಹಾಕಿಕೊಳ್ಳಿ, ವಯರು ಅಲುಗಾಡಿಸಬೇಡಿ. ಕೊನೆಯಲ್ಲಿ ಒಡೆಯ ಪ್ರಜ್ಞೆ ತಪ್ಪಿದಾಗ ಅವನ ಜೋಂಬಿಗಳು ಕಡಲಿನ ಬಂಡೆಯ ಅಂಚಿನಿಂದ ಒಬ್ಬರ ಹಿಂದೊಬ್ಬರು ಕೆಳಗೆ ನಡೆದುಬಿಡುವುದನ್ನು ಕಿವಿಗೊಟ್ಟು ನೋಡಿ, ಒಬ್ಬನ ಬಾಯಿಂದಲೂ ಸದ್ದು ಹೊರಡುವುದಿಲ್ಲ. ಮಾಟ ಇಳಿದ ಮ್ಯಾಡಲಿನ್ ಕಣ್ಣು ಪಿಳುಕಿಸಿ, ಗಂಡನ ಹೆಸರು ಹಿಡಿದು ಕರೆದು, ಕನಸು ಕಂಡೆ ಎನ್ನುತ್ತಾಳೆ. ಇಬ್ಬರೂ ಮುತ್ತಿಡಲು ಬಾಗುತ್ತಾರೆ. ಅಷ್ಟರಲ್ಲಿ ಚಿತ್ರವಿಡೀ ಪೈಪು ಹಚ್ಚಲು ಬೆಂಕಿ ಹುಡುಕುತ್ತಿದ್ದ ಮುದಿ ಪಾದ್ರಿ ಹಿಂದಿನಿಂದ ಭುಜ ತಟ್ಟುತ್ತಾನೆ: ಕ್ಷಮಿಸಿ, ಬೆಂಕಿಪೊಟ್ಟಣ ಇದೆಯಾ?